ಹಸಿ ಎನ್ನಬಾರದ ಮದುವೆ

ಸರೋತೆಗೆ ಹುಟ್ಟಿನಿಂದ ಅಂಟಿಕೊಂಡಿದ್ದ ಕಾಯಿಲೆ ಒಂದೇ. ಅದು ನಗು. ಅದೂ ಎಂಥ ನಗು! ಬರಬಾರದ ಕಡೆ ಬರುವ ನಗು. ಪಾದ್ರಿಗಳು ನರಕವನ್ನು ವರ್ಣಿಸುವಾಗ ಬರುತ್ತಿತ್ತು, ಸತ್ತವರ ಮನೆಯಲ್ಲಿ ಬರುತ್ತಿತ್ತು, ಶಾಲೆಯಲ್ಲಿ ಮೇಷ್ಟರು ಬೆತ್ತ ಎತ್ತಿದಾಗಲಂತೂ ಕಟ್ಟೆಯೊಡೆದು ಬರುತ್ತಿತ್ತು. ನಕ್ಕದ್ದಕ್ಕೆ ಒಂದು ಏಟು, ಆ ಏಟಿಗೆ ಇನ್ನೊಂದು ನಗು, ಆ ನಗುವಿಗೆ ಮತ್ತೊಂದು ಏಟು. ಕೊನೆಗೆ ಮೇಷ್ಟರೇ ಸೋತು, ಬೆತ್ತವನ್ನು ಕಿಟಕಿಯಿಂದಾಚೆ ಎಸೆದು, “ಇವಳನ್ನು ದೇವರೇ ತಿದ್ದಬೇಕು” ಎಂದು ಕುಳಿತುಬಿಟ್ಟರು. ದೇವರು ಆ ಗೋಜಿಗೆ ಹೋಗಲಿಲ್ಲ.

ರೊತುಮಾ ದ್ವೀಪದ ಲುಮೆಯಾ ಅವಳ ಊರು. ಹುಟ್ಟಿದ್ದು ಅಲ್ಲೇ, ಮದುವೆಯಾದದ್ದು ಅಲ್ಲೇ, ಗಂಡನನ್ನು ಮಣ್ಣಿಗೆ ಇಟ್ಟದ್ದೂ ಅಲ್ಲೇ. ಕೇದಗೆಯ ಓಲೆಯನ್ನು ಕಡಲ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ, ಸೀಳಿ ಚಾಪೆ ಹೆಣೆಯುವುದು ಅವಳ ಕಸುಬು. ಭಾನುವಾರ ಗಾಯನದ ಸಾಲಿನಲ್ಲಿ ಕೊನೆಯ ಜಾಗ ಅವಳದು. ನಗು ಬಂದರೆ ಹಿಂಬಾಗಿಲಿನಿಂದ ಓಡಿಹೋಗಲು ಅದೇ ಅನುಕೂಲ.

ಆದರೆ ಮದುವೆಯ ದಿನ ಬಂದರೆ ಅದೇ ಕಾಯಿಲೆ ಕಿರೀಟವಾಗುತ್ತಿತ್ತು. ಆ ದ್ವೀಪದಲ್ಲಿ ಹೆಣ್ಣಿನ ಕಡೆಯವರು ಒಬ್ಬ ಹಿರಿಯ ಹೆಂಗಸನ್ನು ‘ಮದುವೆಯಾಡಿಸುವವಳು’ ಎಂದು ಆರಿಸಿ ಕೈಗೆ ಒಂದು ಕೋಲು ಕೊಡುತ್ತಾರೆ. ಕೋಲು ಕೈಗೆ ಬಂದ ಗಳಿಗೆಯಿಂದ ಹೊತ್ತು ಮುಳುಗುವವರೆಗೆ ಊರ ಮುಖಂಡನೂ ಅವಳ ಆಳು, ಪೊಲೀಸನೂ ಅವಳ ಆಳು. ಅವಳು ಕುಣಿ ಎಂದರೆ ಕುಣಿಯಬೇಕು, ಬಿಸಿಲಿನಲ್ಲಿ ಮಂಡಿಯೂರು ಎಂದರೆ ಊರಬೇಕು. ಯಾರ ಗುಟ್ಟನ್ನಾದರೂ ಯಾರ ಎದುರಿನಲ್ಲಾದರೂ ಆಡಿ ನಗಿಸುವುದು ಅವಳ ಹಕ್ಕು; ಸಿಟ್ಟಾದವನು ಅಪಹಾಸ್ಯಕ್ಕೆ ಗುರಿ. ಸರೋತೆ ಆ ಕೋಲಿನ ಬಲದಿಂದ ಪಾದ್ರಿಗಳಿಂದ ಕೋಳಿಗಳಿಗೆ ಪ್ರವಚನ ಮಾಡಿಸಿದ್ದಳು. ದೂರದ ಪಟ್ಟಣ ಸುವಾದಿಂದ ಬಂದ ಹಡಗಿನ ಕಪ್ತಾನನಿಗೆ ಅವನ ಹಡಗಿನ ಪಾಡನ್ನೇ ಹಾಡು ಕಟ್ಟಿ ಹಾಡಿಸಿದ್ದಳು. “ಸರೋತೆ ಇಲ್ಲದ ಮದುವೆ ಉಪ್ಪಿಲ್ಲದ ಮೀನು” ಎಂದು ಜನ ಹೇಳುತ್ತಿದ್ದರು.

ಇಂಥ ಸರೋತೆಯ ನಾಲಿಗೆಗೆ ಕಡಿವಾಣ ಬಿದ್ದದ್ದು ಒಂದು ಹಂದಿಯಿಂದ.

ಲುಮೆಯಾದ ಪಕ್ಕದ ಊರು ಹೊಫಾರೆ. ಅಲ್ಲಿ ಚರ್ಚಿಗೆ ಹೊಸ ಮಾಡು ಹೊದಿಸಿದ ದಿನ ಲುಮೆಯಾದವರನ್ನೆಲ್ಲ ಊಟಕ್ಕೆ ಕರೆದಿದ್ದರು. ನೆಲದಲ್ಲಿ ಗುಂಡಿ ತೋಡಿ, ಕಲ್ಲು ಕಾಯಿಸಿ, ಊರಿನ ಅತಿದೊಡ್ಡ ಹಂದಿಯನ್ನು ಎಲೆಯಲ್ಲಿ ಸುತ್ತಿ ಬೇಯಲು ಹೂತಿಟ್ಟಿದ್ದರು. ಒಲೆಯ ಉಸ್ತುವಾರಿ ಫೆಸಾಯ್ತು ಎಂಬ ಹುಡುಗನದು. ಲುಮೆಯಾದವರು ಕರೆದ ಹೊತ್ತಿಗಿಂತ ಬಹಳ ಮೊದಲೇ ಹಾಡುತ್ತಾ ಬಂದು ಅಂಗಳದಲ್ಲಿ ನಿಂತರು. ಅತಿಥಿಗಳು ನಿಂತಿರುವಾಗ ಒಲೆಯನ್ನು ಮುಚ್ಚಿಡುವುದು ಹೇಗೆ? ತೆಗೆದರು. ಹಂದಿ ಹೊರಗೆ ಹೊಂಬಣ್ಣವಾಗಿ, ಮದುಮಗನ ಹಾಗೆ ಹೊಳೆಯುತ್ತಿತ್ತು. ಎಲ್ಲರೂ ‘ಆಹಾ’ ಎಂದರು. ಕತ್ತಿ ಇಟ್ಟೊಡನೆ ಒಳಗಿನಿಂದ ರಕ್ತ ಹರಿಯಿತು. ಹಂದಿ ಹಸಿ!

ರೊತುಮಾದಲ್ಲಿ ಒಬ್ಬನ ತೋಟ ಸುಟ್ಟರೆ ಮರೆಯುತ್ತಾರೆ, ಒಬ್ಬನ ದೋಣಿ ಮುಳುಗಿದರೆ ಮರೆಯುತ್ತಾರೆ. ಅತಿಥಿಗೆ ಹಸಿ ಹಂದಿ ಬಡಿಸಿದ್ದನ್ನು ಮರೆಯುವುದಿಲ್ಲ. ಆ ದಿನ ಯಾರೂ ಏನೂ ಅನ್ನಲಿಲ್ಲ. ಆದರೆ ಮುಂದೆ ಎರಡು ಊರುಗಳ ನಡುವೆ ಕ್ರಿಕೆಟ್ ಪಂದ್ಯ ನಡೆದಾಗ ಫೆಸಾಯ್ತು ಚೆಂಡು ಎಸೆಯಲು ಬಂದನು. ಬ್ಯಾಟು ಹಿಡಿದು ನಿಂತವನು ಸರೋತೆಯ ತಮ್ಮನ ಮಗ ಅಯ್ಸೆಯಾ. ಆ ಮಹಾರಾಯನು ಎಸೆದ ಚೆಂಡನ್ನು ಎತ್ತಿ, ಮೂಸಿ ನೋಡಿ, “ಇದಿನ್ನೂ ಹಸಿ ಇದೆ ಕಣೋ ಫೆಸಾಯ್ತು, ಇನ್ನೊಂದ್ ಚೂರು ಬೇಯಿಸ್ಕೊಂಡು ಬಾ” ಎಂದನು. ಫೆಸಾಯ್ತು ಅವನದೇ ಬ್ಯಾಟು ಕಿತ್ತುಕೊಂಡು ದವಡೆಗೆ ಬೀಸಿದನು. ದವಡೆ ಮುರಿಯಿತು. ಎರಡೂ ಊರಿನ ಹುಡುಗರು ಕತ್ತಿ ಹಿರಿದರು. ಒಬ್ಬನ ಭುಜ ಸೀಳಿತು, ಇನ್ನೊಬ್ಬನ ಬೆರಳು ಹೋಯಿತು. ಅಯ್ಸೆಯಾನನ್ನು ಹಡಗಿನಲ್ಲಿ ಸುವಾಕ್ಕೆ ಸಾಗಿಸಿ ದವಡೆಗೆ ತಂತಿ ಕಟ್ಟಿಸಿದರು.

ಅಲ್ಲಿಂದ ಹೊಫಾರೆಯಲ್ಲಿ ‘ಹಸಿ’ ಎಂಬ ಮಾತೇ ನಿಷಿದ್ಧವಾಯಿತು. ನಿಷೇಧವೆಂಬುದು ಸೋರೆಬಳ್ಳಿಯ ಹಾಗೆ. ಒಂದು ಕಡೆ ನೆಟ್ಟರೆ ಊರೆಲ್ಲ ಹಬ್ಬುತ್ತದೆ. ಹಸಿ ಸೌದೆಯು ‘ಅಳುವ ಸೌದೆ’ಯಾಯಿತು. ನಿಂಬೆರಸ ಹಿಂಡಿ ತಿನ್ನುವ ಹಸಿಮೀನು ‘ನಿಂಬೆಹಣ್ಣಿನ ಮೀನು’. ಹಸಿರಿನಲ್ಲಿಯೂ ಹಸಿ ಇದೆಯೆಂದು ಯಾರೋ ಕಂಡುಹಿಡಿದದ್ದರಿಂದ ಅದು ‘ಎಲೆಬಣ್ಣ’ವಾಯಿತು. ಹಂದಿಗೆ ‘ಮನೆಯ ಹಿಂದಿನವರು’ ಎಂಬ ಬಹುವಚನದ ಮರ್ಯಾದೆ ದೊರೆಯಿತು. ಹಸಿವಂತೂ ಊರಿನಿಂದಲೇ ತೊಲಗಿತು. ಮಕ್ಕಳು ಮಧ್ಯಾಹ್ನ ಮನೆಗೆ ಬಂದು “ಅಮ್ಮಾ, ಹೊಟ್ಟೆ ಖಾಲಿ” ಎನ್ನುತ್ತಿದ್ದವು. ಹಸಿ ಸುಳ್ಳಿಗೆ ಬೇರೆ ವಿಶೇಷಣ ಸಿಗದೆ, ಹೊಫಾರೆಯವರು ಬರಿಯ ಸುಳ್ಳಿನಲ್ಲಿಯೇ ಕಾಲ ಕಳೆದರು.

ಇಂಥ ಸ್ಥಿತಿಯಲ್ಲಿ ಆದದ್ದೇನು? ಫೆಸಾಯ್ತುವಿನ ತಮ್ಮ ಮನುಎಲಿಯೂ, ದವಡೆ ಮುರಿಸಿಕೊಂಡ ಅಯ್ಸೆಯಾನ ತಂಗಿ ರೆಜಿಯೆಲಿಯೂ ಒಬ್ಬರನ್ನೊಬ್ಬರು ಮೆಚ್ಚಿಬಿಟ್ಟರು! ಹಿರಿಯರು ತಲೆ ಕೆರೆದುಕೊಂಡು ಒಪ್ಪಿದರು. ಮದುವೆಯಾಡಿಸುವವಳು ಯಾರು? ರೆಜಿಯೆಲಿಯ ಸೋದರತ್ತೆ ಇದ್ದಾಳಲ್ಲ. ಕೋಲು ಸರೋತೆಯ ಕೈಗೆ ಬಂತು. ಅದರ ಹಿಂದೆಯೇ ಬುದ್ಧಿ ಹೇಳುವವರ ಸಾಲೂ ಬಂತು.

ಮೊದಲು ಪಾದ್ರಿಗಳು ಬಂದರು. “ಸರೋತೆ, ನಾಲಿಗೆ ಚಿಕ್ಕದು, ಕಾಡನ್ನೇ ಸುಡುತ್ತೆ” ಎಂದರು. ಅವರು ಆ ಕಡೆ ಹೋದೊಡನೆ ಲುಮೆಯಾದ ಪಡ್ಡೆ ಹುಡುಗರು ಬೇಲಿ ಹಾರಿ ಬಂದರು. “ಅಜ್ಜಿ, ಬಿಡ್ಬೇಡ! ಹಂದಿ ಕಥೆ ಹೇಳ್ಲೇಬೇಕು! ಅವರ ಮುಖ ನೋಡ್ಬೇಕು ನಾವು.” ಸರೋತೆ ಎರಡು ಕಡೆಯವರಿಗೂ ಕಿತ್ತಳೆಹಣ್ಣು ಕೊಟ್ಟು ಕಳುಹಿಸಿದಳು.

ಮದುವೆಗೆ ಮೊದಲಿನ ಮಧ್ಯಾಹ್ನ ಅವಳು ಕಡಲಿನ ಅಂಚಿನಲ್ಲಿ ಓಲೆಯ ಕಟ್ಟುಗಳ ಮೇಲೆ ಕಲ್ಲು ಹೇರುತ್ತಿದ್ದಾಗ ಹೊಫಾರೆಯ ಮುಖಂಡ ತಿಗರೆಯಾ ತಾನೇ ನಡೆದುಕೊಂಡು ಬಂದನು. ದೊಡ್ಡ ಹೊಟ್ಟೆ, ಸಣ್ಣ ಕೊಡೆ. ಹಿಂದೆ ಆಳುಗಳಿಲ್ಲ.

“ಏಳ್ಬೇಡ ಸರೋತೆ, ಕೆಲ್ಸ ಮಾಡು.”

“ಎದ್ದೇಳೋಕೆ ಆಗಲ್ಲ ಯಜಮಾನ್ರೇ. ಈ ಮೊಣಕಾಲು ನಿಮ್ಮ ಮಾತೂ ಕೇಳಲ್ಲ, ನನ್ನ ಮಾತೂ ಕೇಳಲ್ಲ.”

ತಿಗರೆಯಾ ಮರದ ಬೇರಿನ ಮೇಲೆ ಕುಳಿತನು. “ನಾಳೆ ನೀನು ಏನ್ ಬೇಕಾದ್ರೂ ಆಡು. ನನ್ನ ಹೊಟ್ಟೆ ಬಗ್ಗೆ ಆಡು. ಬೋಳುತಲೆ ಬಗ್ಗೆ ಆಡು. ನನ್ನ ಹೆಂಡ್ತಿ ಗೊರಕೆ ಬಗ್ಗೆ ಬೇಕಾದ್ರೂ ಆಡು.”

“ಅದೆಲ್ಲಾ ಹಳೇ ಸರಕು. ಹೋದ ಮದುವೇಲೇ ಖರ್ಚಾಯ್ತು.”

“ಆ ಒಂದು ಮಾತು ಮಾತ್ರ ಬೇಡ.”

“ಯಾವ ಮಾತು?”

ತಿಗರೆಯಾ ಸುತ್ತ ನೋಡಿದನು. ಏಡಿಗಳಲ್ಲದೆ ಬೇರೆ ಪ್ರಜೆಗಳಿರಲಿಲ್ಲ. “ಅದೇ... ಆ ಮಾತು.”

“ಯಾವ್ದು ಅಂತ ಹೇಳಿದ್ರೆ ತಾನೇ ಬಿಡೋದು? ವಯಸ್ಸಾಯ್ತು, ಮರೆವು. ಒಂದ್ಸಲ ಬಾಯ್ಬಿಟ್ಟು ಹೇಳ್ಬಿಡಿ.”

ಮುಖಂಡನು ಬಾಯಿ ತೆರೆದನು. “ಹ...” ಎಂದನು. ಮುಚ್ಚಿದನು. ಮತ್ತೆ ತೆರೆದು ಮತ್ತೆ ಮುಚ್ಚಿದನು, ದಡಕ್ಕೆ ಬಿದ್ದ ಮೀನಿನ ಹಾಗೆ. ಸರೋತೆಗೆ ನಗು ಉಕ್ಕಿ, ಕೈಯಲ್ಲಿದ್ದ ಕಲ್ಲು ನೀರಿಗೆ ಬಿದ್ದು, ಇಬ್ಬರ ಮುಖಕ್ಕೂ ಉಪ್ಪುನೀರು ಹಾರಿತು. ತಿಗರೆಯಾನ ತುಟಿಯೂ ಒಂದಿಷ್ಟು ಸಡಿಲವಾಯಿತು. ಆದರೆ ಅವನು ಮುಖ ಒರೆಸಿಕೊಂಡಾಗ ನಗುವನ್ನೂ ಒರೆಸಿಬಿಟ್ಟನು.

“ನಗ್ಬೇಡ. ನಂಗಾಗಿ ಬಂದಿಲ್ಲ ನಾನು. ನಾನು ಮುದುಕ, ಅನ್ನಿಸ್ಕೊಂಡು ಮನೆಗೆ ಹೋಗಿ ಮಲಗ್ತೀನಿ. ಹುಡುಗ್ರನ್ನ ಹಿಡಿಯೋಕೆ ನನ್ನ ಕೈಲಾಗಲ್ಲ. ಕ್ರಿಕೆಟ್ ದಿನ ಹಿಡಿದ್ನಾ? ಕುರ್ಚಿ ಮೇಲೆ ಕೂತು ನೋಡಿದೆ. ಸರೋತೆ, ಮಾತು ನಿಂದು, ಏಟು ಬೇರೇವ್ರದ್ದು. ನಿನ್ನ ದವಡೆ ಗಟ್ಟಿಯಾಗೇ ಇದೆ.”

ಸರೋತೆ ನಗು ನಿಲ್ಲಿಸಿದಳು. “ಒಂದೇ ಮಾತು ಬಿಡು ಅಂತೀರಿ. ನಾಳೆ ಹಸಿ ಬಿಡ್ತೀನಿ. ನಾಡಿದ್ದು ಇನ್ನೊಬ್ರು ಬಂದು ಬಿಸಿ ಬಿಡು ಅಂತಾರೆ. ಆಮೇಲೆ ಆ ಕೋಲು ಹಿಡ್ಕೊಂಡು ನಾನು ಕೋಳಿ ಓಡಿಸ್ಲಾ?”

“ಓಡ್ಸು. ಕೋಳಿಗಳು ಒಂದ್ರ ದವಡೆ ಇನ್ನೊಂದು ಮುರಿಯಲ್ಲ.” ತಿಗರೆಯಾ ಕೊಡೆ ಬಿಚ್ಚಿಕೊಂಡು ಹೊರಟುಹೋದನು.

ಅವನ ಮಾತು ಮುಳ್ಳಿನ ಹಾಗೆ ನಾಟಿತು. ಸರೋತೆ ನೇರವಾಗಿ ತಮ್ಮನ ಮನೆಗೆ ನಡೆದಳು. ಅಯ್ಸೆಯಾ ಹೊಸ್ತಿಲಲ್ಲಿ ಕುಳಿತು, ತೆಂಗಿನ ಹಾಲಿನಲ್ಲಿ ಕಲಸಿದ ಮೆತ್ತನೆಯ ಕಡುಬನ್ನು ಬಾಯಿಯ ಒಂದೇ ಪಕ್ಕದಲ್ಲಿ ನುರಿಯುತ್ತಿದ್ದನು. ತಂತಿ ಬಿಚ್ಚಿದ ಮೇಲೂ ದವಡೆ ಸ್ವಲ್ಪ ವಾರೆಯಾಗಿಯೇ ಉಳಿದಿತ್ತು.

“ಅಯ್ಸೆಯಾ, ನಿಜ ಹೇಳು. ಅವತ್ತು ಆ ಮಾತು ಆಡದೇ ಇದ್ದಿದ್ರೆ ಚೆನ್ನಾಗಿತ್ತು ಅನ್ಸುತ್ತಾ?”

ಅಯ್ಸೆಯಾ ತುತ್ತು ನುಂಗಿದನು. “ಅತ್ತೆ, ದವಡೆ ಮುರಿದಿದ್ದಕ್ಕೆ ಬೇಜಾರಿಲ್ಲ. ಯಾರೂ ನಗಲಿಲ್ವಲ್ಲ, ಅದಕ್ಕೆ ಬೇಜಾರು.”

ಸರೋತೆ ಅವನ ತಲೆಗೆ ಮೊಟಕಿದಳು. ಒಳಗಿನಿಂದ ರೆಜಿಯೆಲಿ ಮದುವೆಯ ಉಡುಪನ್ನು ತೋಳಿನ ಮೇಲೆ ಹಾಕಿಕೊಂಡು ಬಂದು ಎದುರಿಗೆ ಕುಳಿತಳು.

“ಅತ್ತೆ, ಎಲ್ಲಾರೂ ನಿನ್ನ ಹತ್ರ ಬಂದು ಹೇಳಿದ್ದಾಯ್ತು. ನಾನೂ ಹೇಳ್ತೀನಿ. ನೀನು ಆಡಿ, ಹೊಡೆದಾಟ ಆದ್ರೆ, ನನ್ನ ಮದುವೆ ಆ ಚಾಪೆ ಮೇಲೇ ಮುಗೀತು. ನೀನು ಆಡ್ದೆ ಇದ್ರೆ, ನಾನು ಸಾಯೋ ತನಕ ಆ ಮನೇಲಿ ಹೊಟ್ಟೆ ಖಾಲಿ ಹೊಟ್ಟೆ ಖಾಲಿ ಅಂತ ಬದುಕ್ಬೇಕು. ಮನುಎಲಿ ನಿನ್ನೆ ಈ ಬಟ್ಟೆ ನೋಡಿ ಏನಂದ ಗೊತ್ತಾ? ‘ಎಲೆಬಣ್ಣ ನಿಂಗೆ ಒಪ್ಪುತ್ತೆ’ ಅಂದ. ಎಲೆಬಣ್ಣ! ಪ್ರೀತಿ ಮಾತಾಡೋವಾಗ್ಲೂ ಅವ್ನು ನೆಲ ನೋಡ್ಕೊಂಡು ಕಾಲಿಡ್ತಾನೆ. ನಂಗೆ ಅಳು ಬಂತು.”

“ಹಾಗಾದ್ರೆ ನಾನೇನ್ ಮಾಡ್ಲೇ?”

“ನಂಗೇನ್ ಗೊತ್ತು? ಕೋಲು ನಿಂದು.”

ಸರೋತೆ ಕೋಲನ್ನು ನೋಡಿದಳು. ಅದು ಗೋಡೆಗೊರಗಿ, ತನಗೇನೂ ಸಂಬಂಧವಿಲ್ಲವೆಂಬಂತೆ ನಿಂತಿತ್ತು.

ಮದುವೆಯ ಬೆಳಿಗ್ಗೆ ಅವಳು ಸತ್ತ ಗಂಡನ ಷರಾಯಿ ತೊಟ್ಟು, ಪೊಲೀಸನ ತಲೆಯಿಂದ ಟೋಪಿ ಕಿತ್ತು ತನ್ನ ತಲೆಗಿಟ್ಟುಕೊಂಡು, ಬಾಯಲ್ಲಿ ಸೀಟಿ ಕಚ್ಚಿ ಹೊಫಾರೆಯ ಅಂಗಳಕ್ಕೆ ನುಗ್ಗಿದಳು. ಏನು ಮಾಡಬೇಕೆಂದು ಇನ್ನೂ ನಿರ್ಧರಿಸಿರಲಿಲ್ಲ. ಆದರೆ ಒಂದು ವಿಷಯ ಮಾತ್ರ ನಿಶ್ಚಯವಾಗಿತ್ತು.

“ಏಯ್! ಇವತ್ತು ನಾನು ಗೆಣಸು ನೆಡ್ಬೇಕು! ಎಲ್ಲಾ ಕತ್ತಿ ಇಲ್ಲಿ ತಂದು ಹಾಕಿ! ನಿಮ್ಮೂರು ನಮ್ಮೂರು ಭೇದ ಇಲ್ಲ, ಎಲ್ಲಾದೂ!”

ಕೋಲಿನ ಅಪ್ಪಣೆ. ಎರಡೂ ಊರಿನ ಗಂಡಸರು ಸೊಂಟದ ಕತ್ತಿಗಳನ್ನು ಬಿಚ್ಚಿ ತಂದು ರಾಶಿ ಹಾಕಿದರು. ಫೆಸಾಯ್ತು ಎಲ್ಲರಿಗಿಂತ ಕೊನೆಯಲ್ಲಿ ಬಂದು, ಅವಳ ಕಾಲಿನ ಪಕ್ಕದಲ್ಲಿ ನೆಲಕ್ಕೆ ನಾಟುವಂತೆ ಎಸೆದು ಹೋದನು. ಸರೋತೆ ರಾಶಿಯ ಮೇಲೆ ಚಾಪೆ ಹಾಸಿ, ಅದರ ಮೇಲೆ ಕುಳಿತುಬಿಟ್ಟಳು.

“ಅಜ್ಜಿ, ಗೆಣಸು?” ಎಂದು ಯಾರೋ ಕೇಳಿದರು.

“ಮನಸ್ಸು ಬದಲಾಯ್ತು. ಕಾವು ಕೊಡ್ತಿದೀನಿ. ಸಾಯಂಕಾಲಕ್ಕೆ ಮರಿ ಕತ್ತಿ ಬರುತ್ತೆ.”

“ಹಾಗಾದ್ರೆ ನಾವು ಮಾಂಸ ಯಾವುದ್ರಲ್ಲಿ ಕೊಯ್ಯೋದು?” ಎಂದು ಅಡುಗೆಯವರು ಬಾಯಿ ಬಡಿದುಕೊಂಡರು.

“ಹಲ್ಲು ಯಾಕೆ ಕೊಟ್ಟಿದಾನೆ ದೇವ್ರು?”

ಅಲ್ಲಿಂದ ಗದ್ದಲವೇ ಗದ್ದಲ. ಟೋಪಿ ಕಳೆದುಕೊಂಡ ಪೊಲೀಸನು ತನ್ನನ್ನು ತಾನೇ ಹಿಡಿದು ತರಬೇಕಾಯಿತು. ಹೊಫಾರೆಯ ಶಾಲೆಯ ಮೇಷ್ಟರು ಮಂಡಿಯೂರಿ ಹಾಡಿದರು. ಹೆಂಗಸರು ಎಲ್ಲರ ಮೇಲೂ ಪೌಡರು ಎರಚಿ, ಸುಗಂಧದ ನೀರು ಚಿಮುಕಿಸಿ, ಮುಖಗಳೆಲ್ಲ ಹಿಟ್ಟಿನಲ್ಲಿ ಹೊರಳಿದ ಮೀನುಗಳಂತಾದವು. ಚಾಪೆಗಳ ಎತ್ತರದ ಪೀಠದ ಮೇಲೆ ಮದುಮಕ್ಕಳು ಕುಳಿತಿದ್ದರು. ರೆಜಿಯೆಲಿ ಮಾತ್ರ ನಗುತ್ತಿರಲಿಲ್ಲ. ಅತ್ತೆಯ ಬಾಯಿಯನ್ನೇ ನೋಡುತ್ತಿದ್ದಳು.

ಊಟದ ಹೊತ್ತಾಯಿತು. ಪಾದ್ರಿಗಳು ಎದ್ದು ಕಣ್ಣು ಮುಚ್ಚಿದರು. ಸಾವಿರ ಸಲ ಹೇಳಿದ ಪ್ರಾರ್ಥನೆ. ನಾಲಿಗೆಗೆ ತಾನಾಗಿಯೇ ದಾರಿ ಗೊತ್ತು. “ಹಕ್ಕಿಗಳಿಗೆ ಗೂಡು ಕೊಟ್ಟ ದೇವರೇ, ಹಸಿ—”

ಅಷ್ಟಕ್ಕೇ ಅವರಿಗೆ ತಾವು ನಿಂತಿರುವ ಊರು ನೆನಪಾಯಿತು.

ಪಾದ್ರಿಗಳು ಒಂದು ಕಣ್ಣು ತೆರೆದರು. ಮುಂದೆ ಹೋದರೆ ‘ಹಸಿದವರು’. ನಿಂತರೆ ಬರಿಯ ‘ಹಸಿ’! ಒಳಗೂ ನುಂಗಲಾರದೆ ಹೊರಗೂ ಉಗುಳಲಾರದೆ, “ಹಸಿ... ಹಸಿ... ಹಸ್ತವನ್ನು ಚಾಚಿ, ಅಂದರೆ, ಹೊಟ್ಟೆ ಖಾಲಿಯಿರುವವರಿಗೆ ಉಣಿಸುವ ದೇವರೇ” ಎಂದು ದಡ ಸೇರಿದರು. ಅವರ ಕಿವಿಯ ತುದಿ ದಾಸವಾಳದಂತಾಗಿತ್ತು.

ಸರೋತೆಗೆ ಬಂದುಬಿಟ್ಟಿತು. ತುಟಿ ಕಚ್ಚಿದಳು, ಸೀಟಿ ಕಚ್ಚಿದಳು. ನಗು ಸೀಟಿಯೊಳಗೇ ನುಗ್ಗಿ ‘ಪೀಈಈ’ ಎಂದು ಕೂಗಿತು. ದೇವರನ್ನೂ ನೆಲ ನೋಡಿಕೊಂಡು ಕರೆಯಬೇಕಾಯಿತಲ್ಲ ಈ ಊರಿನಲ್ಲಿ! ಕಣ್ಣೊರೆಸಿಕೊಂಡು ನೋಡಿದರೆ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ. ಫೆಸಾಯ್ತು ಒಲೆಯ ಬಳಿ ಎದ್ದು ನಿಂತಿದ್ದಾನೆ. ಅಯ್ಸೆಯಾ ವಾರೆ ದವಡೆಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಾನೆ. ‘ಮಾತು ನಿಂದು, ಏಟು ಬೇರೇವ್ರದ್ದು’ ಎಂಬುದು ಅವಳ ಕಿವಿಯಲ್ಲಿ ಇನ್ನೊಮ್ಮೆ ಕೇಳಿಸಿತು. ಈಗಲೂ ಕೆಮ್ಮಿ, ಇನ್ನೇನಾದರೂ ಆಡಿ, ಸುಮ್ಮನಾಗಬಹುದಿತ್ತು. ಸರೋತೆ ಕತ್ತಿಗಳ ಮೇಲಿನಿಂದ ಎದ್ದಳು.

“ಕಾಫೊವಾ!” ಎಂದು ಕೂಗಿದಳು. ಕಾಫೊವಾ ಎಂದರೆ ಅವಳದೇ ಊರಾದ ಲುಮೆಯಾದ ಮುಖಂಡ, ತೆಳ್ಳಗೆ, ಗಂಭೀರ. “ಬನ್ನಿ ಇಲ್ಲಿ. ನೀವು ಇವತ್ತು ಹೊಟ್ಟೆ.”

“ಯಾರ ಹೊಟ್ಟೆ?”

“ನಮ್ಮೂರಿಂದು. ಕರೆದ ಹೊತ್ತಿಗೆ ಮೊದ್ಲೇ ಬಂದು ಅಂಗಳದಲ್ಲಿ ನಿಂತು ಹಾಡಿದ ಹೊಟ್ಟೆ. ಅಂಬೆಗಾಲಿಡಿ. ಗುರ್ ಅನ್ನಿ.”

ಕಾಫೊವಾ ಬೇರೆ ದಾರಿಯಿಲ್ಲದೆ ಅಂಬೆಗಾಲಿಟ್ಟು “ಗುರ್” ಎಂದನು. “ಗಟ್ಟಿಯಾಗಿ! ಹಾಡಿನ ರಾಗದಲ್ಲಿ!” ಅವನು ರಾಗವಾಗಿ ಗುರುಗುಟ್ಟುತ್ತಾ ಒಲೆಯ ಸುತ್ತ ತೆವಳಿದನು. ಹೊಫಾರೆಯ ಹೆಂಗಸರ ಸಾಲಿನಲ್ಲಿ ಕಿಸಕ್ ಎಂದಿತು. ಆ ದಿನ ಇವರು ಎಷ್ಟು ಬೇಗ ಬಂದಿದ್ದರೆಂಬುದನ್ನು ಅವರು ಮರೆತಿರಲಿಲ್ಲ. ಹೇಳುವ ಬಾಯಿ ಮಾತ್ರ ಇರಲಿಲ್ಲ.

ಸರೋತೆ ತಿಗರೆಯಾನ ಎದುರಿಗೆ ಹೋಗಿ, ಬಾಳೆಯೆಲೆಯ ಹಾಸನ್ನು ಕೋಲಿನಿಂದ ತೋರಿಸಿದಳು. “ಯಜಮಾನ್ರೇ, ಮಲಗಿ.”

“ಯಾಕೆ?”

“ಬೇಯೋಕೆ.”

“ಬೇಡಿ ಯಜಮಾನ್ರೇ!” ಎಂದು ಫೆಸಾಯ್ತು ಕೂಗಿದನು. ತಿಗರೆಯಾ ತನ್ನ ಹುಡುಗರನ್ನು ನೋಡಿದನು, ಪೀಠದ ಮೇಲಿನ ಮದುಮಗಳನ್ನು ನೋಡಿದನು, ಬಾಳೆಯೆಲೆಯನ್ನು ನೋಡಿದನು. ಆ ಹಂದಿಯ ದಿನದಿಂದ ಅವನ ಎದುರಿನಲ್ಲಿ ಯಾರೂ ಬಾಯ್ತುಂಬ ನಕ್ಕಿರಲಿಲ್ಲ. ಅವನು ಬಂದೊಡನೆ ಮಾತು ನಿಲ್ಲುತ್ತಿತ್ತು. ಅವನು ನಿಧಾನವಾಗಿ ಹೆಗಲ ಬಟ್ಟೆಯನ್ನು ತೆಗೆದು ಮಡಿಸಿಟ್ಟನು.

“ಎಡಗಡೆಗಾ, ಬಲಗಡೆಗಾ?” ಎಂದು ಕೇಳಿದನು.

“ಎರಡೂ ಕಡೆ ಬೇಯ್ಬೇಕು. ಎಲ್ಲಿಂದಾದ್ರೂ ಶುರು ಮಾಡಿ.”

ಮುಖಂಡನು ಎಲೆಯ ಮೇಲೆ ಹೊರಳಿದನು. ಹೊಟ್ಟೆ ಗುಡ್ಡದಂತೆ ಎದ್ದುನಿಂತಿತು. ತೆವಳುತ್ತಿದ್ದ ಕಾಫೊವಾ ಹತ್ತಿರ ಬಂದು, ಈಗ ಅವನಿಗೂ ಆವೇಶ ಬಂದು, “ಆಯ್ತಾ? ಇನ್ನೂ ಆಗ್ಲಿಲ್ವಾ? ಗುರ್!” ಎಂದು ಅವನ ಪಕ್ಕೆಯನ್ನು ಮೂಸಿದನು. ಸರೋತೆ ಕೋಲಿನ ತುದಿಯಿಂದ ತಿಗರೆಯಾನ ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ತಲೆಯೆತ್ತಿ, ಎರಡು ಊರಿಗೂ ಕೇಳುವಂತೆ ಕೂಗಿದಳು:

“ಹಸೀ! ನಾವು ಹಸಿದು ಬಂದ್ವಿ, ಇದು ಹಸಿಯಾಗಿ ಬಂತು! ತಪ್ಪು ಯಾರ್ದು? ಹಂದೀದಾ?”

ಮರುಕ್ಷಣ ಒಲೆಯ ಕಡೆಯಿಂದ ಒಂದು ತೆಂಗಿನ ಚಿಪ್ಪು ಹಾರಿಬಂದು ಅವಳ ತಲೆಯ ಮೇಲಿದ್ದ ಪೊಲೀಸ್ ಟೋಪಿಯನ್ನು ಹಾರಿಸಿತು. ಎಸೆದವನು ಫೆಸಾಯ್ತು. ಎರಡೂ ಕಡೆಯ ಹುಡುಗರು ಎದ್ದರು. ಕೈಗಳು ಸೊಂಟಕ್ಕೆ ಹೋದವು. ಸೊಂಟದಲ್ಲಿ ಏನೂ ಇಲ್ಲ. ಒಬ್ಬನು ಬಗ್ಗಿ ಒಲೆಯ ಕಲ್ಲೊಂದನ್ನು ಎತ್ತಿ, “ಅಯ್ಯಯ್ಯೋ” ಎಂದು ಬೊಬ್ಬಿಟ್ಟು ಕುಣಿದಾಡಿದನು. ಅದು ಕಾದ ಕಲ್ಲು. ಎಲ್ಲರ ಕಣ್ಣೂ ಅಯ್ಸೆಯಾನ ಮೇಲೆ ಬಿತ್ತು. ಹಿಂದಿನ ಲೆಕ್ಕ ತೀರಿಸಬೇಕಾದವನು ಅವನು. ಅವನು ಫೆಸಾಯ್ತುವಿನ ಕಡೆಗೆ ನಡೆದನು. ಸರೋತೆಯ ನಗು ಅಲ್ಲಿಗೇ ನಿಂತಿತು. ಪೀಠದ ಮೇಲೆ ರೆಜಿಯೆಲಿ ಎದ್ದು ನಿಂತಳು.

ಅಯ್ಸೆಯಾ ಫೆಸಾಯ್ತುವಿನ ಮುಖಕ್ಕೆ ಮುಖ ಕೊಟ್ಟು ನಿಂತು, ವಾರೆ ಬಾಯಿಯಲ್ಲಿ, “ಒಪ್ಕೋ ಮಾರಾಯಾ. ನಾನು ಹೇಳಿದ್ದಕ್ಕಿಂತ ಅತ್ತೆ ಹೇಳಿದ್ದು ಚೆನ್ನಾಗಿತ್ತು” ಎಂದನು.

ಕೆಳಗಿನಿಂದ ಗುಡ್ಡದಂಥ ಹೊಟ್ಟೆ ಅಲುಗಾಡತೊಡಗಿತು. ಮೊದಲು ಹೊಟ್ಟೆ ನಕ್ಕಿತು, ಆಮೇಲೆ ತಿಗರೆಯಾ ನಕ್ಕನು. “ಏನ್ರೋ ನಿಂತಿದೀರಿ? ಹಂದಿಯೇ ಮಲಗಿದೆ, ನಿಮಗೇನ್ರೋ ಸಿಟ್ಟು! ಯಾರಾದ್ರೂ ನನ್ನನ್ನ ಮಗುಚಿ ಹಾಕಿ, ಈ ಪಕ್ಕ ಇನ್ನೂ ಹಸಿ ಇದೆ!” ಎಂದು ಕೂಗಿದನು. ಅಂಗಳ ಸ್ಫೋಟಿಸಿತು. ಎರಡೂ ಊರಿನವರು ಬಿದ್ದು ಬಿದ್ದು ನಕ್ಕರು. ಹುಡುಗರು ಮುಖಂಡನನ್ನು ನಿಜವಾಗಿಯೂ ಮಗುಚಿ ಹಾಕಿದರು. ಪಾದ್ರಿಗಳು “ಹಸಿದವರಿಗೆ! ಹಸಿದವರಿಗೆ!” ಎಂದು ಪ್ರಾರ್ಥನೆಯನ್ನು ಮೊದಲಿನಿಂದ ಹೇಳಿದರು. ಹಸಿ ಸೌದೆ, ಹಸಿಮೀನು, ಹಸಿರು ಎಂದು ಹೆಂಗಸರು ಒಬ್ಬರ ಮುಖಕ್ಕೆ ಒಬ್ಬರು ಕೂಗುತ್ತಾ ಪೌಡರು ಎರಚಿದರು. ಮನುಎಲಿ ಮದುಮಗಳ ಕಡೆ ತಿರುಗಿ, ತೊದಲುತ್ತಾ, “ಹ... ಹಸಿರು ನಿಂಗೆ ಒಪ್ಪುತ್ತೆ” ಎಂದನು. ಆ ಬಿಳಿ ಪೌಡರಿನ ಕೆಳಗೆ ರೆಜಿಯೆಲಿ ನಾಚಿ ಕೆಂಪಾದಳು.

ಆದರೆ ಫೆಸಾಯ್ತು ನಗಲಿಲ್ಲ. ಜನರ ನಡುವಿನಿಂದ ಹಾದು ಕಡಲಿನ ಕಡೆಗೆ ಹೋದವನು ಊಟಕ್ಕೂ ಬರಲಿಲ್ಲ. ಹಲ್ಲಿನಿಂದ ಹರಿದು ತಿನ್ನುವ ಗದ್ದಲದ ನಡುವೆ ರೆಜಿಯೆಲಿಯು ಖಾಲಿ ಉಳಿದ ಅವನ ಜಾಗವನ್ನು ಮತ್ತೆ ಮತ್ತೆ ನೋಡುವುದನ್ನು ಸರೋತೆ ಕಂಡಳು. ನಾಳೆಯಿಂದ ಅವಳು ಇರಬೇಕಾದ ಮನೆ ಅವನದು ಕೂಡ.

ಹೊತ್ತು ಇಳಿಯುತ್ತಿತ್ತು. ಸರೋತೆ ಕೋಲನ್ನು ಪೀಠದ ಬದಿಗಿಟ್ಟು, ಷರಾಯಿಯನ್ನು ಎತ್ತಿ ಹಿಡಿದುಕೊಂಡು ಮರಳಿನ ಮೇಲೆ ಕುಂಟುತ್ತಾ ಹೋಗಿ ಅವನ ಪಕ್ಕದಲ್ಲಿ ಕುಳಿತಳು.

“ಇನ್ನೂ ಬಾಕಿ ಇದ್ಯಾ?” ಎಂದನು ಫೆಸಾಯ್ತು.

“ಕೋಲು ಇಟ್ಟು ಬಂದಿದೀನಿ.”

“ಯಜಮಾನ್ರು ನಕ್ರು, ಅಯ್ಸೆಯಾನೂ ನಕ್ಕ. ಅವ್ರಿಗೇನು? ಒಲೆ ತೆಗೆದೋನು ನಾನು. ಬೆಂದಿಲ್ಲ ಅಂತ ನಂಗೆ ಗೊತ್ತಿತ್ತು ಅಜ್ಜಿ. ನೀವೆಲ್ಲ ಹೊರಗೆ ಹಾಡ್ತಾನೇ ಇದ್ರಿ. ತಡೀರಿ ಅನ್ನೋಕೆ ನಾಚಿಕೆ ಆಯ್ತು.”

ಸರೋತೆ ಸೀಟಿಯನ್ನೂ ತೆಗೆದು ಮರಳಿನ ಮೇಲಿಟ್ಟಳು.

“ನನ್ನನ್ನ ಹೊಡೀಬೇಕು ಅನ್ಸುತ್ತಾ?” ಎಂದಳು.

“ಅನ್ಸುತ್ತೆ.”

“ಅದಕ್ಕೆ ಮುಂಚೆ ನನ್ನ ಮೇಲೊಂದು ತಮಾಷೆ ಹೇಳ್ಬಿಡು. ನಾಟೋ ಹಾಗೆ ಹೇಳು.”

“ನಂಗೆ ಬರಲ್ಲ ಅವೆಲ್ಲ.”

“ಬರದೋರು ಹೇಳಿದ್ದೇ ನಾಟೋದು.”

ಫೆಸಾಯ್ತು ಹುಬ್ಬು ಗಂಟಿಕ್ಕಿ, ಭಾರದ ಕೆಲಸ ಮಾಡುವವನಂತೆ ಯೋಚಿಸಿದನು. “ಮದುಮಕ್ಕಳ ಪೀಠದ ಮೇಲೆ ಹಾಸಿದ್ದ ಬಿಳಿ ಚಾಪೆ ಇದ್ಯಲ್ಲ. ನೀನು ಹೆಣೆದದ್ದು.”

“ಹೂಂ?”

“ಅದ್ರಲ್ಲಿ ಮೀನು ಹಿಡೀಬಹುದು. ಸಣ್ಣ ಮೀನು ಮಾತ್ರ ತಪ್ಪಿಸ್ಕೊಳ್ಳುತ್ತೆ.”

ಸರೋತೆಗೆ ಪಾದದಿಂದ ನೆತ್ತಿಯವರೆಗೆ ಬಿಸಿ ಏರಿತು. ಆ ಚಾಪೆ! ಮಳೆಗಾಲವೆಲ್ಲ ಕಣ್ಣು ಕಿರಿದು ಮಾಡಿಕೊಂಡು, ಬೆರಳ ತುದಿ ಸೀಳಿಸಿಕೊಂಡು, ಕೂದಲೂ ನುಸುಳದ ಹಾಗೆ ಹೆಣೆದ ಚಾಪೆ! ದ್ವೀಪದಲ್ಲಿ ಇಷ್ಟು ದಿನ ಯಾರೂ, ಶತ್ರುಗಳೂ ಕೂಡ, ಅವಳ ಹೆಣಿಗೆಯ ಬಗ್ಗೆ ಸೊಲ್ಲೆತ್ತಿರಲಿಲ್ಲ. ಅವಳ ಬಲಗೈ ತಾನಾಗಿಯೇ ಪಕ್ಕಕ್ಕೆ ಹೋಗಿ ಕೋಲಿಗಾಗಿ ತಡಕಾಡಿತು. ಕೋಲಿಲ್ಲ, ಮರಳು. ಮುಷ್ಟಿಯ ತುಂಬ ಮರಳು ಹಿಡಿದು ಕೈಯೆತ್ತಿದಳು. ಫೆಸಾಯ್ತು ಆ ಮುಷ್ಟಿಯನ್ನು ನೋಡಿದನು. ಅವಳೂ ತನ್ನ ಮುಷ್ಟಿಯನ್ನೇ, ಬೇರೆ ಯಾರದೋ ಕೈ ಎಂಬಂತೆ ನೋಡಿದಳು.

“ಎಷ್ಟು... ಎಷ್ಟು ಸಣ್ಣ ಮೀನು?” ಎಂದಳು.

“ನಿನ್ನ ಹೆಬ್ಬೆರಳಷ್ಟು.”

ಬೆರಳಿನ ಸಂದಿಯಿಂದ ಮರಳು ಸುರಿಯಿತು. ಆಮೇಲೆ ಬಂತು ನಗು. ಆದರೆ ಅದು ಹಳೆಯ ನಗುವಲ್ಲ. ನೋವನ್ನು ಕಿತ್ತುಕೊಂಡು, ಬಿಕ್ಕಳಿಕೆಯ ಜೊತೆಗೆ, ಕಣ್ಣೀರಿನ ಜೊತೆಗೆ ಬಂದ ನಗು. ಅವಳು ಮರಳಿನ ಮೇಲೆ ಉರುಳಿದಳು. “ಏಯ್ ಅಜ್ಜಿ, ಸಾಕು, ಉಸಿರು ಕಟ್ಟುತ್ತೆ” ಎಂದು ಫೆಸಾಯ್ತು ಗಾಬರಿಯಿಂದ ಅವಳ ಬೆನ್ನಿಗೆ ಗುದ್ದಿದನು; ಗುದ್ದುತ್ತಾ ಗುದ್ದುತ್ತಾ ತಾನೂ ಮೂಗಿನಿಂದ ನಕ್ಕನು.

ಅಂಗಳದ ಕಡೆಯಿಂದ ಹೊಸ ಮದುಮಗಳ ಕೂಗು ಕೇಳಿಸಿತು. “ಭಾವಾ! ಬರ್ತೀಯೋ ಇಲ್ವೋ? ನಿನಗೆ ಅಂತ ಎತ್ತಿಟ್ಟಿರೋದನ್ನ ನಾಯಿ ನೋಡ್ತಾ ಇದೆ!”

ಫೆಸಾಯ್ತು ಎದ್ದು, ಮೊಣಕಾಲು ಮಾತು ಕೇಳದ ಮುದುಕಿಗೆ ಕೈ ಕೊಟ್ಟು ಎಬ್ಬಿಸಿದನು. ಇಬ್ಬರೂ ದೀಪ ಹಚ್ಚುತ್ತಿದ್ದ ಅಂಗಳದ ಕಡೆಗೆ ನಡೆದರು.

“ಏನಂದೆ? ಹೆಬ್ಬೆರಳಷ್ಟಾ? ಬಾ, ತೋರ್ಸು ಎಲ್ಲಿ ಅಂತ. ಒಂದೇ ಒಂದು ತೂತು ತೋರ್ಸು!”

“ತೋರಿಸ್ತೀನಿ, ಊಟ ಆಗ್ಲಿ.”

“ಊಟ ಆಮೇಲೆ! ಮೊದ್ಲು ಚಾಪೆ!”

“ಅಜ್ಜಿ, ನಂಗೆ ಹಸಿವಾಗ್ತಿದೆ.”

“ಹೆಬ್ಬೆರಳಂತೆ! ಮೂರ್ಖ! ಕಿರುಬೆರಳು ಅಂದಿದ್ರೂ ಒಪ್ತಿದ್ದೆನೇನೋ!”